ಅಂಧಾನಾಥರಿಗೆ ಮನೆಯನ್ನು ಕಟ್ಟಿದ ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ಪಡುವಣ ಘಟ್ಟದ ಅಡಿಯಲ್ಲಿ, ಸೌಪರ್ಣಿಕಾ ನದಿಯ ತಟದಲ್ಲಿರುವ ಕೊಲ್ಲೂರು ಕ್ಷೇತ್ರವು ಕನ್ನಡ ನಾಡಿನ ಸಕಲ ಮತದವರಿಗೂ ಪೂಜ್ಯವಾದುದು. ವೀರಶೈವ ಮತಾವಲಂಬಿಗಳಾದ ಕೆಳದಿಯ ಅರಸರು ಆ ಕ್ಷೇತ್ರಕ್ಕೆ ನಡೆದುಕೊಂಡು ಶ್ರೀ ಮೂಕಾಂಬಿಕಾ ದೇವಿಯ ಸೇವೆಗೆ ದಾನದತ್ತಿಗಳನ್ನು ಬಿಟ್ಟುದು ಇತಿಹಾಸಪ್ರಸಿದ್ಧವಾಗಿದೆ. ನವರಾತ್ರಿಯು ಮುಗಿದು ವಿಜಯದಶಮಿಯು ಬಂದಿತೆಂದರೆ ಅಲ್ಲಿ ಎಳೆಯ ಮಕ್ಕಳಿಗೆ ವಿದ್ಯಾರಂಭವನ್ನು ಮಾಡಿಸುವ ರೂಢಿಯುಂಟು. ದೂರ ದೂರದಿಂದ ಬಂದ ತಂದೆತಾಯಿಗಳು ಕೂಸನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಅದರ ಬೆರಳನ್ನು ಹಿಡಿದು, ಹರಿವಾಣದ ಅಕ್ಕಿಯಲ್ಲಿ ಮೊದಲ ಅಕ್ಷರವನ್ನು ಬರೆಯಿಸುವರು. ಕಂಡವರ ಕಣ್ಣು ತಣಿಯುವ ನೋಟವದು.

ಆದರೆ ಬೆರಳು ಹಿಡಿಯುವ ತಂದೆಯೂ, ತೊಡೆಯ ಮೇಲೆ ಕೂರಿಸಿಕೊಳ್ಳುವ ತಾಯಿಯೂ ಇಲ್ಲದ ಮಗುವಿನ ಗತಿಯೇನು? ಬರೆದ ಅಕ್ಷರವನ್ನು ನೋಡುವುದಕ್ಕೆ ಕಣ್ಣೂ ಇಲ್ಲದಿದ್ದರೆ ಅದರ ವಿದ್ಯಾರಂಭವು ಯಾವ ಹರಿವಾಣದಲ್ಲಿ ಆಗಬೇಕು? ಈ ಪ್ರಶ್ನೆಗೆ ಮಾತಿನಿಂದ ಉತ್ತರ ಕೊಡದೆ ತಮ್ಮ ಬಾಳನ್ನೇ ಉತ್ತರವಾಗಿ ಸಲ್ಲಿಸಿದ ಮಹಾನುಭಾವರು ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಸಂಸ್ಥಾಪಕರಾದ ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು. ಅನಾಥರ ಬೆರಳನ್ನು ಹಿಡಿದ ಆ ಕೈಯ ಒಡೆಯರು ಸ್ವತಃ ಹುಟ್ಟುಕುರುಡರಾಗಿದ್ದರೆಂಬುದನ್ನು ನೆನೆದಾಗ ಅವರ ಚರಿತ್ರೆಯ ಮಹಿಮೆಯು ಇಮ್ಮಡಿಯಾಗಿ ತೋರುವುದು.

ಅಂದಿನ ಧಾರವಾಡ ಜಿಲ್ಲೆಗೂ ಇಂದಿನ ಹಾವೇರಿ ಜಿಲ್ಲೆಗೂ ಸೇರಿದ ಹಾನಗಲ್ಲ ತಾಲ್ಲೂಕಿನಲ್ಲಿ ಕಾಡಶೆಟ್ಟಿಹಳ್ಳಿಯೆಂಬ ಚಿಕ್ಕ ಗ್ರಾಮವಿದೆ. ಅಲ್ಲಿಯ ಚರಂತಿಮಠದ ಗುರುಪಾದಯ್ಯನವರು ಮತ್ತು ನೀಲಮ್ಮನವರೆಂಬ ದಂಪತಿಗಳ ಉದರದಲ್ಲಿ 1892ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಈ ಶಿಶುವು ಜನಿಸಿತು. ಗದಿಗೆಯ್ಯನೆಂದು ಹೆಸರಿಟ್ಟರು. ಹಿರಿಯ ಮಗನಾದ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಬೆಳಕಿಲ್ಲವಾದಾಗ ಆ ಬಡ ದಂಪತಿಗಳ ಎದೆಯಲ್ಲಿ ಏನು ಕುದಿಯಿತೆಂಬುದನ್ನು ಹೆತ್ತವರೇ ಬಲ್ಲರು.

ಆ ಕಾಲದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಸ್ಮರಿಸುವುದು ಅವಶ್ಯಕ. ಹಳ್ಳಿಗಳಲ್ಲಿ ಕುರುಡುತನವನ್ನು ಪೂರ್ವಜನ್ಮದ ಫಲವೆಂದು ಬಗೆದು ಕೈಚೆಲ್ಲಿ ಕೂಡುತ್ತಿದ್ದುದೇ ಸಾಮಾನ್ಯವಾಗಿದ್ದಿತು. ಕಣ್ಣಿಲ್ಲದವನಿಗೆ ಉಳಿದ ದಾರಿಯೆಂದರೆ ಜಾತ್ರೆಯ ಬೀದಿ, ಗುಡಿಯ ಮೆಟ್ಟಿಲು, ಕೈಯಲ್ಲೊಂದು ತಂಬಿಗೆ. ಯುರೋಪ ಖಂಡದಲ್ಲಿ ಅಂಧರಿಗಾಗಿ ಶಾಲೆಗಳು ಹದಿನೆಂಟನೆಯ ಶತಮಾನದ ಕೊನೆಗೇ ಹುಟ್ಟಿದ್ದವು. ಫ್ರಾನ್ಸ್ ದೇಶದ ಲೂಯಿ ಬ್ರೈಲನು ಬೆರಳಿನಿಂದ ಓದುವ ಲಿಪಿಯನ್ನು 1829ರಲ್ಲಿಯೇ ಪ್ರಕಟಿಸಿದ್ದನು. ನಮ್ಮ ನಾಡಿನಲ್ಲಿ ಮೈಸೂರಿನ ಅಂಧ ಮೂಕರ ಶಾಲೆಯು 1901ರಲ್ಲಿ ಪ್ರಾರಂಭವಾಯಿತು. ಆದರೆ ಮುಂಬಯಿ ಇಲಾಖೆಯ ಹಳ್ಳಿಯೊಂದರ ಬಡ ಜಂಗಮನ ಮಕ್ಕಳಿಗೆ ಇವಾವುವೂ ನಿಲುಕುವಂತಿರಲಿಲ್ಲ. ಅವರಿಗೆ ದೊರೆತುದು ಗುರುಕೃಪೆಯೊಂದೇ.

ಹಾನಗಲ್ಲಿನ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಮಹಾಸ್ವಾಮಿಗಳವರು ಆ ಕಾಲದಲ್ಲಿ ಸಮಾಜೋದ್ಧಾರದ ದೀಕ್ಷೆಯನ್ನು ತೊಟ್ಟು ನಾಡೆಲ್ಲ ಸಂಚರಿಸುತ್ತಿದ್ದರು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಸ್ಥಾಪಿಸಿದವರೂ, 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಪ್ರಭಾ ನದಿಯ ದಡದ ಮೇಲೆ ಶಿವಯೋಗಮಂದಿರವನ್ನು ಕಟ್ಟಿದವರೂ ಅವರೇ. ಅಣ್ಣತಮ್ಮಂದಿರ ಕಂಠಮಾಧುರ್ಯವು ಅವರ ಕಿವಿಗೆ ಬಿದ್ದಿತು. ಉಳಿದವರು ಆ ಮಕ್ಕಳಲ್ಲಿ ಇಲ್ಲದ ಕಣ್ಣನ್ನು ಕಂಡು ಮರುಗಿದ್ದರು. ಗುರುಗಳು ಅವರಲ್ಲಿ ಇದ್ದ ಸ್ವರವನ್ನು ಕಂಡು ಹಿಗ್ಗಿದರು. ಬಾಲಕರ ಯೋಗಕ್ಷೇಮವನ್ನು ತಾವೇ ವಹಿಸಿಕೊಂಡು, ಉತ್ತಮ ಸಂಗೀತ ಶಿಕ್ಷಣವು ದೊರೆಯುವಂತೆ ವ್ಯವಸ್ಥೆ ಮಾಡಿದರು.

ವಿಧಿಯು ಇಲ್ಲಿಯೂ ಒಂದು ಪೆಟ್ಟನ್ನು ಕೊಡದೆ ಬಿಡಲಿಲ್ಲ. ಹಿರಿಯನಾದ ಗುರುಬಸಯ್ಯನು ಎಳೆಯ ಪ್ರಾಯದಲ್ಲಿಯೇ ತೀರಿಕೊಂಡನು. ಜೊತೆಗೆ ಹಾಡುತ್ತಿದ್ದ ಧ್ವನಿಯು ನಿಂತುಹೋಗಿ ಗದಿಗೆಯ್ಯನೊಬ್ಬನೇ ಉಳಿದನು. ಕಣ್ಣಿದ್ದವರಿಗೆ ಅಗಲಿದವರ ಮುಖವಾದರೂ ನೆನಪಿನಲ್ಲಿ ಉಳಿಯುವುದು. ಈ ಬಾಲಕನಿಗೆ ಅಣ್ಣನೆಂದರೆ ಸ್ವರವೇ ಆಗಿದ್ದಿತು. ಆ ದುಃಖವನ್ನು ನುಂಗಿಕೊಂಡು ಅವನು ನಾದದ ಅಭ್ಯಾಸಕ್ಕೆ ಮತ್ತಷ್ಟು ಬಲವಾಗಿ ಒಪ್ಪಿಸಿಕೊಂಡನು. ಕರ್ನಾಟಕ ಪದ್ಧತಿಯನ್ನು ಕಲಿತನು. ಅನಂತರ ಗ್ವಾಲಿಯರ ಘರಾಣೆಯ ಶ್ರೀ ನೀಲಕಂಠಬುವಾ ಅವರಲ್ಲಿ ಹಿಂದುಸ್ಥಾನಿ ಪದ್ಧತಿಯನ್ನು ಸಾಧಿಸಿದನು. ಇದೇ ನೀಲಕಂಠಬುವಾ ಅವರು ಮುಂದೆ ಶ್ರೀ ಮಲ್ಲಿಕಾರ್ಜುನ ಮನಸೂರ ಅವರಿಗೂ ಗುರುಗಳಾದರು. ಹೀಗೆ ಉಭಯ ಪದ್ಧತಿಗಳಲ್ಲಿಯೂ, ಗಾಯನದಲ್ಲಿಯೂ ವಾದನದಲ್ಲಿಯೂ ಪಾರಂಗತರಾದ ಗದಿಗೆಯ್ಯನವರು ಪಂಚಾಕ್ಷರ ಗವಾಯಿಗಳೆಂಬ ಹೆಸರಿನಿಂದ ನಾಡಿಗೆ ಪರಿಚಿತರಾದರು.

ಇಷ್ಟು ವಿದ್ಯೆಯನ್ನು ಗಳಿಸಿದ ಗಾಯಕನಿಗೆ ಮುಂದಿನ ಹಾದಿಯು ಸುಲಭವಾಗಿದ್ದಿತು. ಉತ್ತರ ಕರ್ನಾಟಕದಲ್ಲಿ ಅದು ಸಂಗೀತದ ಸುಗ್ಗಿಯ ಕಾಲ. ಸಂಸ್ಥಾನಿಕರೂ ಜಮೀನುದಾರರೂ ವ್ಯಾಪಾರಸ್ಥರೂ ಗವಾಯಿಗಳನ್ನು ಕರೆಯಿಸಿ ಕಚೇರಿ ಮಾಡಿಸುತ್ತಿದ್ದರು; ನಾಟಕ ಮಂಡಳಿಗಳು ಒಳ್ಳೆಯ ಹಾಡುಗಾರರನ್ನು ಸಂಬಳ ಕೊಟ್ಟು ಇರಿಸಿಕೊಳ್ಳುತ್ತಿದ್ದವು. ಪಂಚಾಕ್ಷರ ಗವಾಯಿಗಳು ತಮ್ಮೊಬ್ಬರ ಉದರವನ್ನು ಮಾತ್ರ ನೋಡಿಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅವರು ಆ ಹಾದಿಯನ್ನು ತುಳಿಯಲಿಲ್ಲ. ಪೂಜ್ಯ ಕುಮಾರ ಮಹಾಸ್ವಾಮಿಗಳವರ ಅಪ್ಪಣೆಯನ್ನು ಶಿರಸಾವಹಿಸಿ ಆಜನ್ಮ ಬ್ರಹ್ಮಚರ್ಯದ ವ್ರತವನ್ನು ಕೈಕೊಂಡು, ತಮಗೆ ದೊರೆತ ವಿದ್ಯೆಯನ್ನು ಅಂಧರೂ ಅನಾಥರೂ ಆದ ಮಕ್ಕಳಿಗೆ ಧಾರೆಯೆರೆಯುವ ಸಂಕಲ್ಪವನ್ನು ಮಾಡಿದರು. ಮಠದ ಅನ್ನದಿಂದ ಬೆಳೆದ ವಿದ್ಯೆಯು ಮಠಕ್ಕೂ ಸಮಾಜಕ್ಕೂ ಮರಳಿ ಸಲ್ಲಬೇಕಾದ ಪ್ರಸಾದವೆಂಬುದೇ ಅವರ ನಿಶ್ಚಯವಾಗಿದ್ದಿತು.

ಸಂಕಲ್ಪವೇನೋ ಆಯಿತು, ಮಕ್ಕಳನ್ನು ಇರಿಸುವುದೆಲ್ಲಿ? ಕೈಯಲ್ಲಿ ಹಣವಿಲ್ಲ, ಕಟ್ಟಡವಿಲ್ಲ, ಭೂಮಿಯಿಲ್ಲ. ಆದುದರಿಂದ ಅವರ ಶಾಲೆಯು ನಿಂತ ಶಾಲೆಯಾಗದೆ ನಡೆಯುವ ಶಾಲೆಯಾಯಿತು. ಸಂಚಾರಿ ಸಂಗೀತ ಪಾಠಶಾಲೆಯೆಂದು ಜನರು ಅದನ್ನು ಕರೆದರು. ತಂಬೂರಿ, ಹಾರ್ಮೋನಿಯಂ, ತಬಲಾಗಳನ್ನು ಗಂಟು ಕಟ್ಟಿಕೊಂಡು, ಕಣ್ಣುಳ್ಳ ಒಬ್ಬಿಬ್ಬರ ಆಸರೆಯಲ್ಲಿ ಕಣ್ಣಿಲ್ಲದ ಮಕ್ಕಳ ಸಾಲು ಊರಿಂದೂರಿಗೆ ಹೊರಡುವುದು. ಮಠದ ಪಡಸಾಲೆ, ಗುಡಿಯ ಕಟ್ಟೆ, ಭಕ್ತರ ಮನೆಯ ಅಂಗಳ, ಎಲ್ಲಿ ಇಳಿದುಕೊಳ್ಳಲು ಸ್ಥಳವಿದ್ದಿತೋ ಅಲ್ಲಿಯೇ ಪಾಠ. ಶ್ರಾವಣ ಮಾಸದಲ್ಲಿ ಪುರಾಣ, ಜಾತ್ರೆಯಲ್ಲಿ ಕೀರ್ತನೆ, ಮಠಗಳ ಉತ್ಸವಗಳಲ್ಲಿ ಗಾಯನ, ಶಿವಾನುಭವ ಗೋಷ್ಠಿಯಲ್ಲಿ ವಚನಗಳ ಹಾಡುಗಾರಿಕೆ. ಇವುಗಳಿಂದ ಬಂದ ದವಸಧಾನ್ಯ ಕಾಣಿಕೆಗಳಿಂದ ಮಕ್ಕಳ ಊಟ ಬಟ್ಟೆಗಳು ಸಾಗಬೇಕು.

ಈ ಕ್ರಮವು ಕೇಳುವುದಕ್ಕೆ ಸೊಗಸಾಗಿ ತೋರಬಹುದು, ನಡೆಯಿಸುವುದು ಕಠಿಣವಾಗಿದ್ದಿತು. ಬಯಲು ಸೀಮೆಯ ರೈತನ ಕೈಯೆಂಬುದು ಮಳೆಯನ್ನು ನಂಬಿದ ಕೈ. ಮಳೆಯಾದ ವರ್ಷ ಜೋಳದ ಚೀಲಗಳು ಬರುವುವು. ಮಳೆ ಹೋದ ವರ್ಷ ದಾನಿಯ ಮನೆಯಲ್ಲಿಯೇ ಒಲೆಯು ಹತ್ತುವುದು ಕಷ್ಟ. ಎಂಟು ಹತ್ತು ವರ್ಷದ ಮಕ್ಕಳನ್ನು ನಡೆಯಿಸಿಕೊಂಡು ಹೋಗುವಾಗ ಒಬ್ಬನಿಗೆ ಜ್ವರ ಬಂದರೂ ಎಲ್ಲರೂ ನಿಲ್ಲಬೇಕು. ಹಾಗೆಂದು ಬಂದ ಮಗುವನ್ನು ಬೇಡವೆನ್ನುವಂತೆಯೂ ಇರಲಿಲ್ಲ. ಪಾಠಶಾಲೆಯ ಹೆಸರು ಹಬ್ಬಿದಂತೆಲ್ಲ ದಿಕ್ಕಿಲ್ಲದ ಮಕ್ಕಳನ್ನು ತಂದು ಒಪ್ಪಿಸುವವರು ಹೆಚ್ಚಿದರು. ಉಣ್ಣುವ ಬಾಯಿಗಳು ಹೆಚ್ಚಿದಷ್ಟು ವೇಗದಲ್ಲಿ ಧಾನ್ಯದ ಚೀಲಗಳು ಹೆಚ್ಚಲಿಲ್ಲ. ಗುರುವಿನ ಮೇಲೆ ಭಾರವನ್ನು ಹಾಕಿ ಗವಾಯಿಗಳು ಎಲ್ಲರನ್ನೂ ಸೇರಿಸಿಕೊಂಡರು.

ಇಲ್ಲಿ ಸದ್ಭಕ್ತರು ಗಮನಿಸತಕ್ಕ ವಿಷಯವೊಂದಿದೆ. ಅನಾಥ ಮಕ್ಕಳಿಗೆ ಅನ್ನವನ್ನಿಕ್ಕುವ ಧರ್ಮವು ನಮ್ಮ ನಾಡಿಗೆ ಹೊಸದಲ್ಲ. ಮಠಗಳ ದಾಸೋಹವೇ ಅದಕ್ಕೆ ಸಾಕ್ಷಿ. ಆದರೆ ಇಂದು ಇಕ್ಕಿದ ಅನ್ನವು ನಾಳೆಯ ಹಸಿವನ್ನು ತಡೆಯಲಾರದು. ಕುರುಡ ಮಗುವಿಗೆ ಇಪ್ಪತ್ತು ವರ್ಷ ಅನ್ನವನ್ನಿಕ್ಕಿ, ಇಪ್ಪತ್ತೊಂದನೆಯ ವರ್ಷ ಬೀದಿಗೆ ಬಿಟ್ಟರೆ ಆ ದಾನದ ಫಲವೇನು? ಆದುದರಿಂದ ಪಂಚಾಕ್ಷರ ಗವಾಯಿಗಳು ದಾಸೋಹದೊಡನೆ ಕಾಯಕವನ್ನು ಹೆಣೆದರು. ಬಸವಾದಿ ಪ್ರಮಥರು ಹನ್ನೆರಡನೆಯ ಶತಮಾನದಲ್ಲಿ ಬೋಧಿಸಿದ ಈ ಎರಡು ತತ್ತ್ವಗಳು ಅವರ ಪಾಠಶಾಲೆಯಲ್ಲಿ ಒಂದೇ ನೂಲಿನ ಎರಡು ಎಳೆಗಳಾದವು. ದಾನಿಗಳ ಅನ್ನವನ್ನುಂಡ ಮಗುವು ವಿದ್ಯೆಯನ್ನು ಗಳಿಸಬೇಕು. ವಿದ್ಯೆಯಿಂದ ತನ್ನ ಅನ್ನವನ್ನು ತಾನೇ ದುಡಿಯಬೇಕು. ದುಡಿದುದರಲ್ಲಿ ಒಂದು ಪಾಲು ಮುಂದೆ ಬರುವ ಮಗುವಿಗೆ ಸಲ್ಲಬೇಕು. ಹೀಗೆ ಅನ್ನವು ವಿದ್ಯೆಯಾಗಿ, ವಿದ್ಯೆಯು ಮರಳಿ ಅನ್ನವಾಗಿ ತಿರುಗುವ ಚಕ್ರವನ್ನು ಅವರು ನಿರ್ಮಿಸಿದರು.

ಸಂಗೀತವು ಈ ಕಾರ್ಯಕ್ಕೆ ತಕ್ಕ ಸಾಧನವಾಗಿದ್ದಿತು. ಅದಕ್ಕೆ ಕಣ್ಣು ಬೇಡ, ಕಿವಿ ಬೇಕು. ಪುಸ್ತಕ ಬೇಡ, ನೆನಪು ಬೇಕು. ಗುರುವು ಒಂದು ಸ್ವರವನ್ನು ಹಾಡುವನು, ಶಿಷ್ಯನು ಅದನ್ನು ಮರಳಿ ಹಾಡುವನು. ತಪ್ಪಿದಲ್ಲಿ ಗುರುವಿನ ಕಿವಿಯು ಅದನ್ನು ಹಿಡಿಯುವುದು. ವಾದ್ಯವನ್ನು ಕಲಿಸುವಾಗ ಶಿಷ್ಯನ ಬೆರಳುಗಳನ್ನು ತಮ್ಮ ಬೆರಳುಗಳಿಂದ ಹಿಡಿದು ಹಾರ್ಮೋನಿಯಮ್ಮಿನ ಮನೆಗಳ ಮೇಲೂ ತಬಲೆಯ ಕರಣೆಯ ಮೇಲೂ ಇರಿಸುವುದೇ ದಾರಿ. ಕಣ್ಣುಳ್ಳ ಉಪಾಧ್ಯಾಯರಿಗೆ ಕುರುಡ ಮಗುವಿನ ತೊಡಕು ಎಲ್ಲಿದೆಯೆಂದು ಊಹಿಸಬೇಕಾಗುವುದು; ಇವರಿಗೆ ಅದು ಸ್ವಾನುಭವದ ಮಾತು. ಮಕ್ಕಳ ಒಲವನ್ನು ತಿಳಿದು, ಕಂಠವುಳ್ಳವನಿಗೆ ಗಾಯನ, ಕೈ ಚುರುಕಾದವನಿಗೆ ತಬಲಾ, ಮಾತು ಬಲ್ಲವನಿಗೆ ಪುರಾಣ ಕೀರ್ತನೆಗಳನ್ನು ಹೇಳಿಕೊಟ್ಟರು. ಅಲ್ಲಿ ಕಲಿತವರು ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ನಾಟಕ ಮಂಡಳಿಗಳ ವಾದ್ಯಗಾರರಾಗಿ ತಮ್ಮ ಕಾಲ ಮೇಲೆ ತಾವು ನಿಂತರು. ಬೇಡುವ ಕೈಯು ನುಡಿಸುವ ಕೈಯಾಯಿತು.

ಕಣ್ಣುಳ್ಳವರೂ ಈ ಅಂಧ ಗುರುಗಳನ್ನು ಅರಸಿಕೊಂಡು ಬಂದರು. ಶ್ರೀ ಬಸವರಾಜ ರಾಜಗುರು ಅವರು ಬಾಲ್ಯದಲ್ಲಿಯೇ ಅವರ ಶಿಷ್ಯತ್ವವನ್ನು ಪಡೆದರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವು ಜರುಗಿದಾಗ, ಆ ಮಹಾಸಭೆಯ ಮುಂದೆ ಎಳೆಯ ಬಸವರಾಜರು ಹಾಡಿದರು. ಅವರಿಗೆ ತಬಲಾ ಸಾಥಿಯನ್ನು ಕೊಟ್ಟವರು ಸಾಕ್ಷಾತ್ ಗುರುಗಳಾದ ಪಂಚಾಕ್ಷರ ಗವಾಯಿಗಳೇ. ಗುರುವಾದವನು ಶಿಷ್ಯನನ್ನು ಮುಂದೆ ಕೂರಿಸಿ ತಾನು ಪಕ್ಕದಲ್ಲಿ ತಾಳವನ್ನು ಹಿಡಿಯುವುದೆಂದರೆ ಸಾಮಾನ್ಯವಲ್ಲ. ತಾನು ಬೆಳಗಬೇಕೆಂಬ ಆಸೆಯು ಆ ಜೀವದಲ್ಲಿ ಎಷ್ಟು ಅಳಿದಿದ್ದಿತೆಂಬುದಕ್ಕೆ ಇದೊಂದೇ ಸಂಗತಿ ಸಾಕು. ಶ್ರೀ ಸಿದ್ಧರಾಮ ಜಂಬಲದಿನ್ನಿ ಅವರೇ ಮೊದಲಾದ ಇತರ ಖ್ಯಾತ ಗಾಯಕರೂ ಇದೇ ಗುರುವಿನ ನೆರಳಿನಲ್ಲಿ ಬೆಳೆದವರು.

ಆದರೆ ಅವರ ಶಿಷ್ಯಕೋಟಿಯಲ್ಲಿ ಪುಟ್ಟರಾಜರ ಸ್ಥಾನವೇ ಬೇರೆ. 1914ನೆಯ ಇಸವಿಯ ಮಾರ್ಚ್ 3ರಂದು ಅದೇ ಹಾನಗಲ್ಲ ತಾಲ್ಲೂಕಿನಲ್ಲಿ ಹುಟ್ಟಿದ ಆ ಕೂಸು ವರ್ಷ ತುಂಬುವುದರೊಳಗೆ ದೃಷ್ಟಿಯನ್ನು ಕಳೆದುಕೊಂಡಿತು. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನೂ ಕಳೆದುಕೊಂಡಿತು. ಸೋದರಮಾವನು ಸಾಕಿದನು; ಅನಂತರ ಬಾಲಕನು ಪಂಚಾಕ್ಷರ ಗವಾಯಿಗಳ ಮಡಿಲಿಗೆ ಬಂದನು. ಕಣ್ಣಿಲ್ಲದ ಗುರು, ಕಣ್ಣೂ ಹೆತ್ತವರೂ ಇಲ್ಲದ ಶಿಷ್ಯ. ಕುಮಾರ ಮಹಾಸ್ವಾಮಿಗಳವರು ಗದಿಗೆಯ್ಯನಿಗೆ ಏನಾಗಿದ್ದರೋ ಗದಿಗೆಯ್ಯನವರು ಪುಟ್ಟರಾಜನಿಗೆ ಅದೇ ಆದರು. ಸಂಗೀತವನ್ನಷ್ಟೇ ಅಲ್ಲದೆ ಸಾಹಿತ್ಯವನ್ನೂ ಸಂಸ್ಕೃತವನ್ನೂ ಆ ಬಾಲಕನು ಸಾಧಿಸಿದನು. ಗುರುವಿನ ಭಾರಕ್ಕೆ ಮೊದಲು ಕೈಯನ್ನೂ ಅನಂತರ ಹೆಗಲನ್ನೂ ಕೊಟ್ಟನು.

1930ರ ಫೆಬ್ರವರಿಯಲ್ಲಿ ಪೂಜ್ಯ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದರು. ಮಗುವಾಗಿದ್ದಾಗ ತಮ್ಮನ್ನು ಎತ್ತಿಕೊಂಡ ಕೈಗಳು ಮರೆಯಾದಾಗ ಗವಾಯಿಗಳವರು ಎರಡನೆಯ ಸಲ ಅನಾಥರಾದಂತಾಯಿತು. ನಾಡಿನಲ್ಲಿ ಸ್ವಾಮಿಗಳವರ ಮಾತಿಗಿದ್ದ ಮನ್ನಣೆಯೇ ಆ ವರೆಗೆ ಪಾಠಶಾಲೆಯ ಮೂಲಧನವಾಗಿದ್ದಿತು. ಇನ್ನು ಮುಂದೆ ಜೋಳಿಗೆಯನ್ನು ತಮ್ಮ ಹೆಸರಿನಲ್ಲಿಯೇ ಹಿಡಿಯಬೇಕಾಯಿತು. ಗುರುವಿನ ನಾಮಸ್ಮರಣೆಯನ್ನು ಮುಂದಿರಿಸಿಕೊಂಡು ಅವರು ಸಂಚಾರವನ್ನು ಬಿಡದೆ ನಡೆಯಿಸಿದರು. ಒಂದು ದಿವಸವಾದರೂ ಆ ಶಾಲೆಯನ್ನು ಮುಚ್ಚುವ ಆಲೋಚನೆಯು ಅವರನ್ನು ಮುಟ್ಟಲಿಲ್ಲವೆಂದು ಅವರ ಮುಂದಿನ ನಡೆಯೇ ತೋರಿಸಿಕೊಡುವುದು.

ಕಡೆಗೆ ನಡೆಯುವ ಶಾಲೆಗೆ ನಿಲ್ಲುವ ನೆಲೆಯು ಗದುಗಿನಲ್ಲಿ ದೊರೆಯಿತು. ವೀರನಾರಾಯಣನ ಸನ್ನಿಧಿಯೂ ತ್ರಿಕೂಟೇಶ್ವರನ ಗುಡಿಯೂ ತೋಂಟದಾರ್ಯ ಮಠವೂ ಉಳ್ಳ ಆ ಪಟ್ಟಣವು ಹತ್ತಿಯ ವ್ಯಾಪಾರಕ್ಕೂ ರೈಲು ಮಾರ್ಗಗಳ ಕೂಡಿಕೆಗೂ ಹೆಸರಾದುದು. ನಾಲ್ಕು ದಿಕ್ಕಿನ ಭಕ್ತರೂ ಅಲ್ಲಿಗೆ ಬಂದು ಹೋಗುವರು. ಸಹಾಯವನ್ನು ಒಟ್ಟುಗೂಡಿಸುವ ಬುದ್ಧಿಯೂ ಆ ನೆಲಕ್ಕೆ ಹೊಸದಾಗಿರಲಿಲ್ಲ. ದೇಶದಲ್ಲಿಯೇ ಮೊದಲನೆಯದೆನಿಸಿದ ಕೃಷಿ ಸಹಕಾರಿ ಸಂಘವು 1905ರಲ್ಲಿ ಹುಟ್ಟಿದುದು ಅದೇ ತಾಲ್ಲೂಕಿನ ಕಣಗಿನಹಾಳ ಗ್ರಾಮದಲ್ಲಿ. ಗದುಗಿನ ಭಕ್ತರಾದ ಬಸರಿಗಿಡದ ವೀರಪ್ಪನವರು ಮಕ್ಕಳ ವಾಸಕ್ಕೆ ಸ್ಥಳವನ್ನು ಕೊಟ್ಟು ಪುಣ್ಯವನ್ನು ಕಟ್ಟಿಕೊಂಡರು. 1942ರಲ್ಲಿ ಅಲ್ಲಿ ಶ್ರೀ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. ಪ್ರಾರಂಭದಲ್ಲಿ ದೊಡ್ಡ ಕಟ್ಟಡವೇನೂ ಇರಲಿಲ್ಲ; ಇದ್ದುದು ಮಳೆಬಿಸಿಲುಗಳಿಗೆ ಒಂದು ಮರೆ. ಆದರೆ ಊರಿಂದೂರಿಗೆ ನಡೆದು ದಣಿದ ಎಳೆಯ ಕಾಲುಗಳಿಗೆ ಅದು ಅರಮನೆಗಿಂತ ಕಡಿಮೆಯಾಗಿರಲಿಲ್ಲ.

ಆ ನೆಲೆಯ ಸುಖವನ್ನು ಗವಾಯಿಗಳವರು ಬಹಳ ಕಾಲ ಅನುಭವಿಸಲಿಲ್ಲ. 1944ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ, ಗದುಗಿನಲ್ಲಿಯೇ ಅವರು ಲಿಂಗೈಕ್ಯರಾದರು. ಆಶ್ರಮವು ನಿಂತು ಎರಡು ವರ್ಷ ಮಾತ್ರವಾಗಿದ್ದಿತು. ಅದು ಯುದ್ಧಕಾಲ, ಧಾನ್ಯದ ಬೆಲೆ ಏರಿ, ಎಲ್ಲೆಲ್ಲಿಯೂ ಅನ್ನದ ಅಭಾವವಿದ್ದಿತು. ಒಬ್ಬ ಮಹಾತ್ಮನ ಉಸಿರಿನ ಮೇಲೆ ನಿಂತ ಸಂಸ್ಥೆಯು ಆ ಉಸಿರಿನೊಡನೆಯೇ ಆರಿಹೋಗುವುದನ್ನು ಲೋಕವು ಎಷ್ಟೋ ಸಲ ಕಂಡಿದೆ. ಪುಣ್ಯಾಶ್ರಮವು ಆರಿಹೋಗಲಿಲ್ಲ. ಏಕೆಂದರೆ ಗವಾಯಿಗಳವರು ಕಟ್ಟಡಕ್ಕೆ ಮೊದಲು ಮನುಷ್ಯನನ್ನು ಕಟ್ಟಿದ್ದರು.

ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳು ಗುರುವಿನ ಪೀಠದಲ್ಲಿ ಕುಳಿತು, ಮುಂದೆ ಅರವತ್ತಾರು ವರ್ಷಗಳ ಕಾಲ ಆ ದೀಪಕ್ಕೆ ಎಣ್ಣೆಯೆರೆದರು. ಆಶ್ರಮದ ಮಕ್ಕಳ ಅನ್ನವಸ್ತ್ರಗಳಿಗಾಗಿ ಶ್ರೀ ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘವು ಊರೂರು ಸುತ್ತಿ ನಾಟಕಗಳನ್ನಾಡಿತು. ನಾಟಕಗಳನ್ನು ರಚಿಸಿದವರೂ ಅವುಗಳಿಗೆ ಸಂಗೀತವನ್ನು ಕೂಡಿಸಿದವರೂ ಪುಟ್ಟರಾಜರೇ. ಭಕ್ತರು ಅವರನ್ನು ತಕ್ಕಡಿಯಲ್ಲಿ ಕುಳ್ಳಿರಿಸಿ ನಾಣ್ಯಗಳಿಂದ ತುಲಾಭಾರವನ್ನು ಮಾಡಿದರು. ತೂಗಿದ ನಾಣ್ಯವು ಮಕ್ಕಳ ಅಡಿಗೆಯ ಮನೆಗೆ ಸಂದಿತು. ಪಂಡಿತರೂ ಕವಿಗಳೂ ಆದ ಅವರಿಗೆ 2010ರಲ್ಲಿ ಭಾರತ ಸರಕಾರವು ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರೂ ಲಿಂಗೈಕ್ಯರಾದರು. ಜಾತಿಮತಗಳ ಎಣಿಕೆಯಿಲ್ಲದೆ ಮಕ್ಕಳನ್ನು ಸೇರಿಸಿಕೊಂಡು, ಊಟ ವಸತಿ ವಿದ್ಯೆಗಳನ್ನು ಉಚಿತವಾಗಿ ಕೊಡುವ ಗುರುವಿನ ವ್ರತವು ಅವರ ಕಾಲದಲ್ಲಿ ಹೆಮ್ಮರವಾಗಿ ಬೆಳೆಯಿತು. ಪಂಚಾಕ್ಷರ ಗವಾಯಿಗಳವರ ಜೀವನವನ್ನು ಕುರಿತು 1995ರಲ್ಲಿ ತೆರೆಕಂಡ ಚಲಚ್ಚಿತ್ರವು ಅವರ ಹೆಸರನ್ನು ಹೊಸ ಪೀಳಿಗೆಯ ಮನೆಮನೆಗೂ ಮುಟ್ಟಿಸಿತು.

ಈ ಚರಿತ್ರೆಯಿಂದ ಸದ್ಭಕ್ತರು ತಿಳಿಯಬೇಕಾದುದೇನು? ದಾನವೆಂಬುದು ಬೀಜದಂತೆ. ಬೀಜವನ್ನು ಹುರಿದು ತಿಂದರೆ ಒಂದು ಹೊತ್ತಿನ ಹಸಿವು ಅಡಗುವುದು. ಬಿತ್ತಿದರೆ ವರ್ಷವರ್ಷವೂ ತೆನೆಯಾಗುವುದು. ಕುಮಾರ ಮಹಾಸ್ವಾಮಿಗಳವರು ಕಾಡಶೆಟ್ಟಿಹಳ್ಳಿಯ ಕುರುಡ ಬಾಲಕನಲ್ಲಿ ಬಿತ್ತಿದುದು ಗದುಗಿನಲ್ಲಿ ತೆನೆಯಾಯಿತು. ಹೆಸರಿಲ್ಲದ ಎಷ್ಟೋ ಒಕ್ಕಲಿಗರು ಕಣದಲ್ಲಿ ಅಳೆದು ಕೊಟ್ಟ ಜೋಳವು ಆ ಬೆಳೆಗೆ ಗೊಬ್ಬರವಾಯಿತು. ಅವರ ಹೆಸರುಗಳು ಯಾವ ಶಿಲಾಶಾಸನದಲ್ಲಿಯೂ ಇಲ್ಲ. ಆದರೂ ಪುಣ್ಯಾಶ್ರಮದ ಮಗುವೊಂದು ಸ್ವರವನ್ನು ಹಿಡಿದಾಗಲೆಲ್ಲ ಆ ಸೇರು ಜೋಳದ ಲೆಕ್ಕವು ಶಿವನ ಖಾತೆಗೆ ಏರುತ್ತಲೇ ಇರುವುದು.

ಕೊಲ್ಲೂರಿನ ಹರಿವಾಣದಲ್ಲಿ ತಂದೆಯ ಕೈ ಬರೆಯಿಸಿದ ಅಕ್ಷರವನ್ನು ಅಕ್ಕಿಯೊಡನೆ ಸವರಿ ತೆಗೆಯುವರು. ಬರೆದ ಬೆರಳು ಮಾತ್ರ ವಿದ್ಯಾವಂತನಾಗಿ ಮನೆಗೆ ಹಿಂದಿರುಗುವುದು. ಗದುಗಿನ ಗುರುವು ಬರೆಯಿಸಿದುದು ನಾದದ ಅಕ್ಷರವಾದುದರಿಂದ ಅದನ್ನು ಕಂಡವರಿಲ್ಲ, ಅಳಿಸುವವರೂ ಇಲ್ಲ. ಅಂತಹ ಗುರುವಿನ ಸ್ಮರಣೆಯು ನಮ್ಮ ಮಠಮಾನ್ಯಗಳ ದಾಸೋಹಕ್ಕೆ ಕಾಯಕದ ಬಲವನ್ನೂ, ಭಕ್ತರ ಕೈಗೆ ಕೊಡುವ ಬುದ್ಧಿಯನ್ನೂ, ದಿಕ್ಕಿಲ್ಲದ ಮಕ್ಕಳಿಗೆ ಒಂದು ಮನೆಯನ್ನೂ ಸದಾಕಾಲ ಕರುಣಿಸಲಿ.